ಛತ್ರಿ ಬಿಚ್ಚಿಕೊಳ್ಳುತ್ತೆ, ಎಳೆಯೋ ಕೈಯದ್ದೇ ಚಿಂತೆ

2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಬಿತ್ತು. ಒಳಗಿದ್ದ 242 ಜನರಲ್ಲಿ ಉಳಿದಿದ್ದು ಒಬ್ಬರೇ. ಮರುದಿನ ಸಂಜೆ ಬಳ್ಳಾರಿಯ ಮಿರ್ಚಿ ಬಂಡಿಯೊಂದರ ಮುಂದೆ ನಿಂತಿದ್ದೆವು. ಅದೇ ಮಾತು, ಅದೇ ವಿಡಿಯೊ. ತೋರಣಗಲ್ಲಿನ ಕಡೆ ಲಾರಿ ರಿಪೇರಿ ಮಾಡುವ ನಮ್ಮ ಪರಿಚಯದ ಅಣ್ಣನೊಬ್ಬ ಮಂಡಕ್ಕಿ ಪೊಟ್ಟಣ ಹಿಡಿದುಕೊಂಡೇ ಕೇಳಿದ: “ಅಲ್ಲೋ ತಮ್ಮಾ, ಅಷ್ಟು ಕೋಟಿ ಸುರುವಿ ವಿಮಾನ ತರ್ತಾರ. ಅದಕ್ಕೊಂದು ಪ್ಯಾರಾಚೂಟ್ ಕಟ್ಟಾಕ ಏನ್ ಧಾಡಿ ಇವ್ರಿಗೆ?”

ನಗುವ ಪ್ರಶ್ನೆಯಲ್ಲ ಇದು. ಪ್ರತಿ ವಿಮಾನ ದುರಂತ ಆದಾಗಲೂ ಊರೂರಲ್ಲಿ ಏಳುತ್ತದೆ. ಜೊತೆಗೆ ವಾಟ್ಸಾಪ್‌ನಲ್ಲಿ ಒಂದು ಆ್ಯನಿಮೇಷನ್ ಬರುತ್ತದೆ. ವಿಮಾನಕ್ಕೆ ಬೆಂಕಿ ಬೀಳುತ್ತದೆ, ಜನ ಕೂತ ಡಬ್ಬಿ ಹಿಂದಿನಿಂದ ಜಾರಿ ಹೊರಬರುತ್ತದೆ, ಛತ್ರಿಗಳು ಅರಳುತ್ತವೆ, ಎಲ್ಲರೂ ಮೆಲ್ಲಗೆ ನೀರಿಗೆ ಇಳಿಯುತ್ತಾರೆ. ಉಕ್ರೇನಿನ ಎಂಜಿನಿಯರ್ ವ್ಲಾದಿಮಿರ್ ತತಾರೆಂಕೊ ಅವರ ಕಲ್ಪನೆ ಅದು. ಸುಮಾರು ಹತ್ತು ವರ್ಷದಿಂದ ಓಡಾಡುತ್ತಿದೆ. ಅಂಥ ವಿಮಾನ ಒಂದೂ ಹಾರಿಲ್ಲ.

ಆದರೆ ಇಡೀ ವಿಮಾನವನ್ನೇ ಛತ್ರಿಗೆ ನೇತುಹಾಕಿ ಇಳಿಸುವ ವ್ಯವಸ್ಥೆ ನಿಜಕ್ಕೂ ಇದೆ. ನೂರಾರು ಜನರನ್ನು ಉಳಿಸಿದೆ. ಅದು ಇರುವುದು ಸಣ್ಣ ವಿಮಾನಗಳಲ್ಲಿ. ಅದು ಎಷ್ಟು ನಂಬಿಕೆಗೆ ಅರ್ಹ, ಎಲ್ಲಿ ಕೈಕೊಡುತ್ತದೆ ಅನ್ನುವುದು ಗೊತ್ತಾದರೆ, ದೊಡ್ಡ ವಿಮಾನಕ್ಕೆ ಯಾಕಿಲ್ಲ ಅನ್ನುವುದೂ ತಾನಾಗಿ ಗೊತ್ತಾಗುತ್ತದೆ.

ಅಮೆರಿಕದ ಬೋರಿಸ್ ಪೊಪೊವ್ 1975ರಲ್ಲಿ ಹ್ಯಾಂಗ್ ಗ್ಲೈಡರ್ ಹಾರಿಸುವಾಗ ಅದು ಮುರಿಯಿತು. ಸುಮಾರು 400 ಅಡಿ ಮೇಲಿಂದ ಕೆರೆಗೆ ಬಿದ್ದರು, ಬದುಕಿದರು. ಬೀಳುವಾಗ ತನ್ನ ಹತ್ತಿರ ಎಳೆಯಲು ಏನೂ ಇರಲಿಲ್ಲವಲ್ಲ ಅನ್ನುವ ಸಿಟ್ಟಿನಲ್ಲೇ 1980ರಲ್ಲಿ ಬಿಆರ್‌ಎಸ್ ಅನ್ನುವ ಕಂಪನಿ ಕಟ್ಟಿದರು. ಅವರ ಛತ್ರಿಯಿಂದ ಮೊದಲ ಜೀವ ಉಳಿದಿದ್ದು 1983ರಲ್ಲಿ. ಈಗ ಕಂಪನಿಯ ಲೆಕ್ಕ 400 ದಾಟಿದೆ.

ಸಣ್ಣ ವಿಮಾನ ತಯಾರಿಸುವ ಸಿರಸ್ ಕಂಪನಿಯ ಕತೆ ಇನ್ನೊಂದು. ಅದನ್ನು ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಅಲನ್ ಕ್ಲಾಪ್‌ಮೈಯರ್ 1985ರಲ್ಲಿ ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದಿದ್ದರು. ರೆಕ್ಕೆಯ ತುದಿ ಕಳೆದುಕೊಂಡು ಹೇಗೋ ಇಳಿದರು. ಎದುರಿನ ಪೈಲಟ್ ಸತ್ತರು. ಅದನ್ನು ಅವರು ಮರೆಯಲಿಲ್ಲ. 1998ರಲ್ಲಿ ಸಿರಸ್‌ನ ಎಸ್‌ಆರ್20 ವಿಮಾನ ಅನುಮತಿ ಪಡೆದಾಗ ಅದರಲ್ಲಿ ಪ್ಯಾರಾಚೂಟ್ ಬೇಕಾದರೆ ಹಾಕಿಸಿಕೊಳ್ಳುವ ವಸ್ತುವಾಗಿರಲಿಲ್ಲ. ಕಾರಿಗೆ ಬ್ರೇಕ್ ಇದ್ದ ಹಾಗೆ, ಪ್ರತಿ ವಿಮಾನದ ಭಾಗವೇ ಆಗಿತ್ತು. ಆ ಛತ್ರಿಯನ್ನು ಮೇಲೆ ಹೋಗಿ ಮತ್ತೆ ಮತ್ತೆ ಎಳೆದು ಪರೀಕ್ಷೆ ಮಾಡಿದ ಪೈಲಟ್ ಸ್ಕಾಟ್ ಆ್ಯಂಡರ್ಸನ್ 1999ರ ಮಾರ್ಚ್‌ನಲ್ಲಿ ಅದೇ ಮಾದರಿಯ ವಿಮಾನ ಬಿದ್ದು ಸತ್ತರು. ಆ ಒಂದು ವಿಮಾನಕ್ಕೆ ಇನ್ನೂ ಛತ್ರಿ ಕೂರಿಸಿರಲಿಲ್ಲ.

ಇದು ಕೆಲಸ ಮಾಡುವ ರೀತಿ ನೋಡಿ. ಪೈಲಟ್ ತಲೆಯ ಮೇಲೆ, ಚಾವಣಿಯಲ್ಲಿ, ಕೆಂಪು ಹಿಡಿ. ಎಳೆಯಲು ಸುಮಾರು 20 ಕೆ.ಜಿ. ಬಲ ಬೇಕು. ಒಂದು ಕೊಡ ನೀರು ಎತ್ತುವಷ್ಟು. ಅದಕ್ಕೇ ಎರಡೂ ಕೈಯಲ್ಲಿ ಎಳೆಯಿರಿ ಅಂತ ಕಲಿಸುತ್ತಾರೆ. ಎಳೆದ ಕೂಡಲೇ ಹಿಂದಿನ ಗಾಜಿನ ಆಚೆ ಅಡಗಿರುವ ಸಣ್ಣ ರಾಕೆಟ್ ಮುಚ್ಚಳ ಒಡೆದುಕೊಂಡು ಹಾರುತ್ತದೆ, ಛತ್ರಿಯ ಗಂಟನ್ನು ಎಳೆದುಕೊಂಡು ಹೋಗುತ್ತದೆ. ವಿಮಾನದ ಮೈಯೊಳಗೇ ಹುದುಗಿಸಿದ ಪಟ್ಟಿಗಳು ಹೊಲಿಗೆ ಬಿಚ್ಚಿದಂತೆ ಸಿಪ್ಪೆ ಹರಿದುಕೊಂಡು ಹೊರಬರುತ್ತವೆ. ಅಂದರೆ ವಿಮಾನ ಅಲ್ಲಿಗೆ ಹಾಳಾದ ಲೆಕ್ಕವೇ. ಛತ್ರಿ ಒಮ್ಮೆಲೇ ಬಿಚ್ಚಿಕೊಂಡರೆ ಹರಿಯುತ್ತದೆ. ಅದಕ್ಕೆ ಹಗ್ಗಗಳನ್ನು ಒಂದು ಉಂಗುರ ಹಿಡಿದುಕೊಂಡಿರುತ್ತದೆ. ಅದು ನಿಧಾನವಾಗಿ ಕೆಳಗೆ ಜಾರುತ್ತಾ ಹೋದಂತೆ ಬಾಯಿ ಅಗಲವಾಗುತ್ತದೆ. ಮೊದಲು ಮೂತಿ ಕೆಳಗೆ ಮಾಡಿ ತೂಗುವ ವಿಮಾನ, ಸುಮಾರು ಎಂಟು ಸೆಕೆಂಡಿಗೆ ಹಿಂದಿನ ಪಟ್ಟಿಯ ಕಟ್ಟು ತಾನೇ ಕತ್ತರಿಸಿಕೊಂಡು ಸಮವಾಗುತ್ತದೆ.

ಆಮೇಲೆ ಇಳಿಯುವುದು ನಿಮಿಷಕ್ಕೆ ಸುಮಾರು 1,700 ಅಡಿಯಂತೆ. ಗಂಟೆಗೆ 31 ಕಿ.ಮೀ. ಅನ್ನಿ. ಹೂವಿನಂತೆ ಇಳಿಯುತ್ತೆ ಅಂದುಕೊಂಡಿದ್ದರೆ ಬಿಟ್ಟುಬಿಡಿ. ನಮ್ಮ ಕಡೆಯ ಮಾಳಿಗೆ ಮನೆಯ ಮೇಲಿಂದ, ಸುಮಾರು 13 ಅಡಿಯಿಂದ ದೊಪ್ಪೆಂದು ಬಿದ್ದ ಹಾಗೆ. ಬಡಿತವನ್ನು ಚಕ್ರದ ಕಾಲು ಸ್ವಲ್ಪ, ಸೀಟಿನಡಿ ಇಟ್ಟಿರುವ ಜೇನುಗೂಡಿನಂಥ ಅಲ್ಯೂಮಿನಿಯಂ ಸ್ವಲ್ಪ ತಿನ್ನುತ್ತವೆ. ಬೆನ್ನು ನೋವಾಗಬಹುದು. ಜೀವ ಉಳಿಯುತ್ತದೆ.

ಇಲ್ಲಿ ನಮ್ಮೂರಿನ ಒಂದು ಲೆಕ್ಕ ಸೇರಿಸಲೇಬೇಕು. ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ಹೇಳಿಕೊಳ್ಳುತ್ತೇವಲ್ಲ. ಕಾದ ಗಾಳಿ ತೆಳು. ಬಳ್ಳಾರಿಯ ನೆಲ ಸಮುದ್ರಮಟ್ಟದಿಂದ ಸುಮಾರು 480 ಮೀಟರ್ ಮೇಲಿದೆ. ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ, ಸಮುದ್ರಮಟ್ಟದ 15 ಡಿಗ್ರಿ ಗಾಳಿಗಿಂತ ಶೇ. 13-14ರಷ್ಟು ತೆಳುವಾಗಿರುತ್ತದೆ. ಅದೇ ಛತ್ರಿ, ಅದೇ ವಿಮಾನ, ಆದರೆ ಇಳಿಯುವ ವೇಗ ಶೇ. 7-8 ಜಾಸ್ತಿ. ಬಡಿತದ ಶಕ್ತಿ ಶೇ. 15ಕ್ಕೂ ಜಾಸ್ತಿ. 13 ಅಡಿ ಮಾಳಿಗೆ 15 ಅಡಿ ಆಯಿತು. ಸಾಯುವ ವ್ಯತ್ಯಾಸವಲ್ಲ, ಆದರೆ ಬೆನ್ನುಮೂಳೆ ಕೇಳುವ ವ್ಯತ್ಯಾಸ.

ಇನ್ನು ಮುಖ್ಯ ಪ್ರಶ್ನೆ. ಎಳೆದರೆ ಬಿಚ್ಚಿಕೊಳ್ಳುತ್ತಾ?

ಬಹಳ ಮಟ್ಟಿಗೆ ಹೌದು. ಸಿರಸ್ ಛತ್ರಿ ಮೊದಲು ಜೀವ ಉಳಿಸಿದ್ದು 2002ರ ಅಕ್ಟೋಬರ್‌ನಲ್ಲಿ, ಟೆಕ್ಸಾಸ್‌ನಲ್ಲಿ. ರಿಪೇರಿ ಮುಗಿಸಿ ಹೊರಟ ವಿಮಾನದ ರೆಕ್ಕೆಯ ಚಲಿಸುವ ಪಟ್ಟಿಯೊಂದು ಕಳಚಿ ನೇತಾಡತೊಡಗಿತು. ಪೈಲಟ್ ಹಿಡಿ ಎಳೆದರು, ಗಾಲ್ಫ್ ಮೈದಾನದ ಹತ್ತಿರ ಇಳಿದರು, ನಡೆದುಕೊಂಡು ಹೊರಬಂದರು. ಅಲ್ಲಿಂದ ಇಲ್ಲಿಯವರೆಗೆ ಈ ಒಂದೇ ಕಂಪನಿಯ ಛತ್ರಿ 120ಕ್ಕೂ ಹೆಚ್ಚು ಬಾರಿ ಕೆಲಸಕ್ಕೆ ಬಂದು 250ಕ್ಕೂ ಹೆಚ್ಚು ಜನರನ್ನು ಇಳಿಸಿದೆ. 2015ರ ಜನವರಿಯಲ್ಲಿ ಹವಾಯಿ ಕಡೆ ಹೊರಟ ವಿಮಾನವೊಂದರಲ್ಲಿ ಟ್ಯಾಂಕಿನಿಂದ ಟ್ಯಾಂಕಿಗೆ ಇಂಧನ ಹರಿಯಲಿಲ್ಲ. ನಡು ಸಮುದ್ರದ ಮೇಲೆ ಛತ್ರಿ ಬಿಚ್ಚಿ ಇಳಿದ ಪೈಲಟ್‌ನನ್ನು ಪ್ರವಾಸಿ ಹಡಗೊಂದು ಎತ್ತಿಕೊಂಡಿತು. ಕರಾವಳಿ ಪಡೆ ತೆಗೆದ ಆ ವಿಡಿಯೊ ಮಾತ್ರ ಆ್ಯನಿಮೇಷನ್ ಅಲ್ಲ, ಅಸಲಿ.

ಕೈಕೊಟ್ಟಿದ್ದೂ ಉಂಟು. 2002ರಲ್ಲೇ ಒಬ್ಬ ಪೈಲಟ್ ಎಳೆದಾಗ ರಾಕೆಟ್ ಹಾರಲೇ ಇಲ್ಲ. ಅವರು ಹೇಗೋ ಇಳಿದರು. ಆಮೇಲೆ ಎಳೆಯುವ ಕೇಬಲ್ಲಿನ ಜೋಡಣೆ ತಿದ್ದಿದರು. ಹೊಸ ಮಾದರಿಗಳಲ್ಲಿ ರಾಕೆಟ್ಟಿಗೆ ವಿದ್ಯುತ್ತಿನಿಂದ ಕಿಡಿ ಕೊಡುತ್ತಾರೆ. ವಿಪರೀತ ವೇಗದಲ್ಲಿ ಎಳೆದು ಛತ್ರಿಯೇ ಹರಿದುಹೋದ ಘಟನೆಗಳಿವೆ. ಹಳೆ ಮಾದರಿಗೆ ಪರೀಕ್ಷಿಸಿ ತೋರಿಸಿದ ವೇಗ 133 ನಾಟ್, ಹೊಸದಕ್ಕೆ 140 ನಾಟ್, ಅಂದರೆ ಗಂಟೆಗೆ 260 ಕಿ.ಮೀ. ಹತ್ತಿರ. ಇನ್ನು 2010ರ ಫೆಬ್ರವರಿಯಲ್ಲಿ ಕೊಲೊರಾಡೊದ ಬೌಲ್ಡರ್‌ನಲ್ಲಿ ನಡೆದಿದ್ದನ್ನು ಓದಿದರೆ ಹೊಟ್ಟೆ ಹಿಂಡುತ್ತದೆ. ಗ್ಲೈಡರ್ ಎಳೆದುಕೊಂಡು ಹೋಗುತ್ತಿದ್ದ ವಿಮಾನಕ್ಕೆ ಸಿರಸ್ ಡಿಕ್ಕಿಯಾಯಿತು. ಛತ್ರಿ ಬಿಚ್ಚಿಕೊಂಡಿತು. ಆದರೆ ವಿಮಾನ ಉರಿಯುತ್ತಾ, ಛತ್ರಿಯಡಿ ತೂಗುತ್ತಾ ಇಳಿಯಿತು. ಒಳಗಿದ್ದ ಇಬ್ಬರೂ ಉಳಿಯಲಿಲ್ಲ. ಛತ್ರಿ ಬೀಳುವುದನ್ನು ತಡೆಯುತ್ತದೆ, ಬೆಂಕಿಯನ್ನಲ್ಲ.

ಆದರೂ ಯಂತ್ರದ ತಪ್ಪು ಈ ಕತೆಯ ಸಣ್ಣ ಭಾಗ. ಅಮೆರಿಕದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದವರು 2001ರಿಂದ 2016ರವರೆಗಿನ 268 ಸಿರಸ್ ಅಪಘಾತ ತೆಗೆದುಕೊಂಡು ನೋಡಿದರು. ಛತ್ರಿ ಬಿಚ್ಚಿದ 57 ಅಪಘಾತಗಳಲ್ಲಿ ಸಾವು ಕಂಡಿದ್ದು ಶೇ. 14. ಬಿಚ್ಚದ 211ರಲ್ಲಿ ಶೇ. 39ರ ಹತ್ತಿರ. ಈ ಎರಡನೇ ಸಂಖ್ಯೆಯನ್ನು ಇನ್ನೊಮ್ಮೆ ಓದಿ. ಆ 211 ವಿಮಾನಗಳಲ್ಲೂ ತಲೆ ಮೇಲೆ ಹಿಡಿ ಇತ್ತು. ಎಷ್ಟೋ ಸಲ ನೆಲಕ್ಕೆ ತೀರಾ ಹತ್ತಿರವಿದ್ದರು, ಎಳೆದೂ ಪ್ರಯೋಜನವಿರಲಿಲ್ಲ. ಉಳಿದ ಎಷ್ಟೋ ಸಲ ಎತ್ತರವೂ ಇತ್ತು, ಹೊತ್ತೂ ಇತ್ತು. ಕೈ ಮೇಲೆ ಹೋಗಲಿಲ್ಲ.

ಯಾಕೆ? ಈ ಪ್ರಶ್ನೆಗೆ ನಮ್ಮ ಲಾರಿ ಅಣ್ಣನಿಗಿಂತ ಚೆನ್ನಾಗಿ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಸಂಡೂರಿನ ಘಾಟಿಯಲ್ಲಿ ಅದಿರು ಲಾರಿ ಇಳಿಸುವ ಡ್ರೈವರ್‌ಗಳ ಬಗ್ಗೆ ಹೇಳುತ್ತಿದ್ದ. ಬ್ರೇಕ್ ಬಿಸಿಯಾಗಿ ಹಿಡಿತ ಕಮ್ಮಿಯಾಗುವುದು ಕಾಲಿಗೆ ಮೊದಲೇ ಗೊತ್ತಾಗುತ್ತದಂತೆ. ಆಗಲೇ ಲಾರಿಯನ್ನು ಗುಡ್ಡದ ಬದಿಯ ಮಣ್ಣಿಗೆ ಒರಗಿಸಿಬಿಟ್ಟರೆ ಬದುಕು. ಆದರೆ ಬಂಪರ್ ಹೋಗುತ್ತೆ, ಓನರ್ ಬೈತಾನೆ, ನಾಲ್ಕು ಜನ ನಗ್ತಾರೆ. “ಮುಂದಿನ ತಿರುವಿನ್ಯಾಗ ಹಿಡೀತದ ಅಂತ ನಂಬ್ಕೊಂಡು ಹೊಕ್ಕಾನ ನೋಡು, ಅಲ್ಲೇ ಮುಗೀತು.” ಪೈಲಟ್ ತಲೆಯಲ್ಲೂ ಅದೇ ಓಡುತ್ತದೆ. ಎಂಜಿನ್ ಮತ್ತೆ ಹತ್ತಬಹುದು. ರನ್‌ವೇ ಸಿಗಬಹುದು. ಎಳೆದರೆ ಕೋಟಿಗಟ್ಟಲೆ ಬೆಲೆಯ ವಿಮಾನ ಗುಜರಿ. ಇಳಿಸಲು ಬರಲಿಲ್ಲವಾ ಅಂತ ಕೇಳುತ್ತಾರೆ. ಹೀಗೆ ಯೋಚಿಸುವಷ್ಟರಲ್ಲಿ ಎತ್ತರ ಕರಗಿರುತ್ತದೆ.

ಅದಕ್ಕೇ ಆರಂಭದ ವರ್ಷಗಳಲ್ಲಿ ಛತ್ರಿ ಇದ್ದ ಈ ವಿಮಾನಗಳ ಸಾವಿನ ಲೆಕ್ಕ ಬೇರೆ ಸಣ್ಣ ವಿಮಾನಗಳಿಗಿಂತ ಚೆನ್ನಾಗೇನೂ ಇರಲಿಲ್ಲ. ಛತ್ರಿ ಅದೇ ಇತ್ತು. 2011ರ ಸುಮಾರಿಗೆ ಬದಲಾಗಿದ್ದು ಪಾಠ. ಸಿರಸ್ ಓಡಿಸುವವರ ಸಂಘ ಹಾಗೂ ಕಂಪನಿ ಸೇರಿ, “ಎಲ್ಲಾ ಮಾಡಿ ಆದ ಮೇಲೆ ಛತ್ರಿ” ಅನ್ನುವುದನ್ನು ತೆಗೆದು “ಮೊದಲು ಛತ್ರಿ ನೆನಪಾಗಲಿ” ಅಂತ ಕಲಿಸತೊಡಗಿದರು. ಹಾರುವಾಗಲೇ ಎತ್ತರ ಎಷ್ಟಾಯಿತು ಅಂತ ಕೂಗಿ ಹೇಳಬೇಕು. ನೆಲದಿಂದ 500 ಅಡಿಗಿಂತ ಕೆಳಗೆ ಎದುರಿಗೆ ಸಿಕ್ಕಲ್ಲಿ ಇಳಿಸು. 500ರಿಂದ 2,000 ಅಡಿಯೊಳಗೆ ಯೋಚಿಸಬೇಡ, ಎಳೆ. ಅದಕ್ಕೂ ಮೇಲಿದ್ದರೆ ಏನಾಗಿದೆ ನೋಡು, ಸರಿಹೋಗದಿದ್ದರೆ ಎಳೆ. ಹೊಸ, ಹೆಚ್ಚು ಭಾರದ ಮಾದರಿಗೆ ಆ 500 ಈಗ 600 ಆಗಿದೆ. 2014ರ ಹೊತ್ತಿಗೆ ಒಂದೇ ವರ್ಷದಲ್ಲಿ ಛತ್ರಿ ಎಳೆದ ಘಟನೆಗಳು ಸಾವಿನ ಅಪಘಾತಗಳನ್ನು ಮೀರಿಸಿದವು. ಬಟ್ಟೆ, ರಾಕೆಟ್ಟು, ಹಗ್ಗ ಯಾವುದರಿಂದಲೂ ಆಗದ ಸುಧಾರಣೆ ಒಂದು ಪಾಠದಿಂದ ಆಯಿತು. ನನ್ನ ಪ್ರಕಾರ ಛತ್ರಿಯ ನಂಬಿಕೆಯನ್ನು ಅಳೆಯಬೇಕಾದ್ದೇ ಇಲ್ಲಿ.

ಆ 500 ಅಡಿ ಎಲ್ಲಿಂದ ಬಂತು ಅನ್ನುವುದು ಸರಳ. ನೆಟ್ಟಗೆ ಹಾರುವಾಗ ಎಳೆದರೆ ಹಳೆ ಮಾದರಿ ಸುಮಾರು 400 ಅಡಿ ಕಳೆದುಕೊಂಡು ನಿಲ್ಲುತ್ತದೆ, ಹೊಸದು 560 ಅಡಿ. ಗಿರಕಿ ಹೊಡೆಯುವಾಗ ಎಳೆದರೆ 920ರಿಂದ 1,080 ಅಡಿ.

ಈಗ ಅಣ್ಣನ ಪ್ರಶ್ನೆಗೆ ವಾಪಸ್ ಬರೋಣ. ಹೊಸ ಸಿರಸ್‌ನ ಭಾರ 1.6 ಟನ್ನಿಗೆ ಸ್ವಲ್ಪ ಮೇಲೆ, ಅದಕ್ಕೆ 65 ಅಡಿ ಅಗಲದ ಛತ್ರಿ. ಭಾರ ಎಷ್ಟು ಪಟ್ಟು ಏರುತ್ತದೋ ಬಟ್ಟೆಯ ವಿಸ್ತೀರ್ಣವೂ ಅಷ್ಟು ಪಟ್ಟು ಏರಬೇಕು. ನಮ್ಮ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಬಂದು ಹೋಗಿರುವ ಎಟಿಆರ್ 72 ತರಹದ ವಿಮಾನ ಸುಮಾರು 23 ಟನ್. ಅದಕ್ಕೆ 240 ಅಡಿ ಅಗಲದ ಛತ್ರಿ ಬೇಕು. ಇಂಡಿಗೊ ಓಡಿಸುವ ಎ320ಕ್ಕೆ 450 ಅಡಿ. ಒಂದು ಕ್ರಿಕೆಟ್ ಮೈದಾನವನ್ನು ಮಡಚಿ ಬಾಲದಲ್ಲಿ ತುಂಬಿದಂತೆ! ಅಹಮದಾಬಾದ್‌ನಲ್ಲಿ ಬಿದ್ದ ಬೋಯಿಂಗ್ 787ರ ಲೆಕ್ಕ ಹಾಕುವುದೇ ಬೇಡ.

ಒಂದೇ ಬದಲು ಹತ್ತು ಛತ್ರಿ ಕಟ್ಟಿದರಾಯಿತು ಅನ್ನಬಹುದು. ನಾಸಾ ಅದನ್ನು ಮಾಡಿ ನೋಡಿದೆ. ಬಾಹ್ಯಾಕಾಶ ನೌಕೆಯನ್ನು ಮೇಲೆತ್ತುತ್ತಿದ್ದ ಬೂಸ್ಟರ್‌ಗಳು ಉರಿದು ಖಾಲಿಯಾದ ಮೇಲೆ 87 ಟನ್ ತೂಗುತ್ತಿದ್ದವು, ಹೆಚ್ಚುಕಮ್ಮಿ ಒಂದು ಎ320. ಒಂದೊಂದಕ್ಕೂ 136 ಅಡಿ ಅಗಲದ ಮೂರು ಛತ್ರಿ. ಆದರೂ ಅವು ಸಮುದ್ರಕ್ಕೆ ಬಡಿಯುತ್ತಿದ್ದ ವೇಗ ಗಂಟೆಗೆ 80 ಕಿ.ಮೀ.ಗೂ ಜಾಸ್ತಿ. ಖಾಲಿ ಕಬ್ಬಿಣದ ಕೊಳವೆ ಅದನ್ನು ತಡೆದುಕೊಂಡಿತು. ಸೀಟಿನಲ್ಲಿ ಕೂತ ಮನುಷ್ಯ ತಡೆಯಲ್ಲ.

ಇದೆಲ್ಲ ಬಿಡಿ, ಬಟ್ಟೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಪ್ರಯಾಣಿಕ ವಿಮಾನಗಳ ಸಾವಿನ ಅಪಘಾತಗಳಲ್ಲಿ ಅರ್ಧಕ್ಕೂ ಹೆಚ್ಚು ಆಗುವುದು ಏರುವಾಗ ಮತ್ತು ಇಳಿಯುವಾಗ. ಅಹಮದಾಬಾದ್‌ನ ವಿಮಾನ ನೆಲ ಬಿಟ್ಟು ಮೇಲಿದ್ದಿದ್ದು ಅರ್ಧ ನಿಮಿಷದಷ್ಟು, ಏರಿದ್ದು ಕೆಲವು ನೂರು ಅಡಿ. ಒಂದೂವರೆ ಟನ್ನಿನ ವಿಮಾನಕ್ಕೇ 400-500 ಅಡಿ ಬೇಕು. ಅಂಥ ಹೊತ್ತಲ್ಲಿ ಯಾವ ಛತ್ರಿಯೂ ಅರಳುವುದಿಲ್ಲ. ಕಳಚುವ ಡಬ್ಬಿಯ ಕಲ್ಪನೆಗೂ ಇದೇ ಗತಿ. ಜೊತೆಗೆ, ಗಾಳಿಯ ಒತ್ತಡ ತುಂಬಿದ ಕೊಳವೆಯಲ್ಲಿ ಬೇಕೆಂದೇ ಒಂದು ಬಿರುಕು ಬಿಟ್ಟು ಅದಕ್ಕೆ ಕೊಂಡಿ ಹಾಕಿಕೊಂಡು ದಿನಾ ಹಾರಬೇಕು. ಅಪರೂಪದ ಸಾವನ್ನು ತಪ್ಪಿಸಲು ದಿನನಿತ್ಯದ ಅಪಾಯ ಕೊಂಡುಕೊಂಡ ಹಾಗೆ.

ಹಂಪಿ ಉತ್ಸವದಲ್ಲಿ ಹೆಲಿಕಾಪ್ಟರ್ ಹತ್ತಿ ಮೇಲಿಂದ ಹಂಪಿ ನೋಡಿದವರು ಇದಕ್ಕೆ ಛತ್ರಿ ಇದೆಯಾ ಅಂತ ಕೇಳುವುದುಂಟು. ಇಲ್ಲ. ತಲೆ ಮೇಲೆ ರೆಕ್ಕೆ ತಿರುಗುತ್ತಿರುವಾಗ ಛತ್ರಿಯನ್ನು ಎಲ್ಲಿಂದ ಹಾರಿಸುವುದು? ಎಂಜಿನ್ ನಿಂತರೂ ಕೆಳಗಿನಿಂದ ಬರುವ ಗಾಳಿಗೆ ಆ ರೆಕ್ಕೆ ತಿರುಗುತ್ತಲೇ ಇರುತ್ತದೆ. ಬಲ್ಲ ಪೈಲಟ್ ಅದನ್ನೇ ಬಳಸಿ ಇಳಿಸುತ್ತಾನೆ. ಹೆಲಿಕಾಪ್ಟರ್‌ಗೆ ಅದೇ ಛತ್ರಿ.

ಯುದ್ಧವಿಮಾನದ ಸೀಟು ಹಾರುವುದು ಬೇರೆ ವಿಷಯ. 2023ರ ಜೂನ್ 1ರಂದು ಚಾಮರಾಜನಗರದ ಭೋಗಾಪುರದ ಹತ್ತಿರ ವಾಯುಪಡೆಯ ಕಿರಣ್ ತರಬೇತಿ ವಿಮಾನ ಬಿದ್ದಾಗ ಪೈಲಟ್‌ಗಳಿಬ್ಬರು ಹಾಗೆ ಉಳಿದರು. ಅಲ್ಲಿ ಮನುಷ್ಯ ಹೊರಗೆ, ವಿಮಾನ ನೆಲಕ್ಕೆ. ಮುನ್ನೂರು ಜನರಿಗೆ, ಅಜ್ಜಿಗೆ, ಮಡಿಲ ಕೂಸಿಗೆ ಅದನ್ನು ಮಾಡಲಾಗುವುದಿಲ್ಲ.

ಹಾಗಾದರೆ ಈ ಛತ್ರಿ ನಮ್ಮ ಕಡೆ ಯಾರಿಗೆ ಬೇಕು? ಹಾರಲು ಕಲಿಯುವ ಹುಡುಗ ಹುಡುಗಿಯರಿಗೆ. ಜರ್ಮನಿಯಲ್ಲಿ ಅತಿ ಹಗುರ (ಅಲ್ಟ್ರಾಲೈಟ್) ವಿಮಾನಗಳಿಗೆ ಇದು ಕಡ್ಡಾಯ. ತರಬೇತಿ ಶಾಲೆಗಳ ನೆಚ್ಚಿನ ಸೆಸ್ನಾ 172ಕ್ಕೆ ಕೂರಿಸುವ ಛತ್ರಿಗೆ ಅಮೆರಿಕದಲ್ಲಿ 2002ರಲ್ಲೇ ಅನುಮತಿ ಸಿಕ್ಕಿದೆ. ಸುಮಾರು 35 ಕೆ.ಜಿ. ಭಾರ, ಹಿಂದೆ ಸಾಮಾನಿಡುವ ಜಾಗ ತಿನ್ನುತ್ತದೆ. ಅದೂ ಅಲ್ಲದೆ ಛತ್ರಿ ಸುಮ್ನೆ ಕೂತಿದ್ದರೂ ಹಳೆಯದಾಗುತ್ತದೆ. ಸಿರಸ್‌ನಲ್ಲಿ ಹತ್ತು ವರ್ಷಕ್ಕೊಮ್ಮೆ ಬಟ್ಟೆಯನ್ನೂ ರಾಕೆಟ್ಟನ್ನೂ ಬದಲಿಸಬೇಕು, ಅದಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಖರ್ಚು. ಶಾಲೆಗಳು ಹಿಂಜರಿಯುವುದು ಸಹಜ. ಹಾಗಂತ ಶಾಲೆಯ ವಿಮಾನಕ್ಕೆ ಇದು ಪೂರ್ತಿ ಮದ್ದೂ ಅಲ್ಲ. ಕಲಿಯುವವರು ರನ್‌ವೇ ಸುತ್ತ ಸುತ್ತು ಹಾಕುವುದು ಸುಮಾರು 1,000 ಅಡಿಯಲ್ಲಿ. ಇಳಿಯುವ ಕೊನೆಯ ತಿರುವಿನಲ್ಲಿ ಗಿರಕಿಗೆ ಸಿಕ್ಕರೆ ಆ ಎತ್ತರ ಸಾಲದು. ನನ್ನನ್ನು ಕೇಳಿದರೆ, ಆದರೂ ಹಾಕಿಸಬೇಕು. ದೂರದ ಹಾರಾಟದಲ್ಲಿ ಎಂಜಿನ್ ನಿಂತಾಗ ಕೆಳಗೆ ಗುಂಡುಕಲ್ಲಿನ ಗುಡ್ಡಗಳೇ ಇರುವ ಆನೆಗೊಂದಿ, ಹಂಪಿ ಕಡೆ ಸಪಾಟು ಜಾಗ ಎಲ್ಲಿ ಹುಡುಕುತ್ತೀರಿ?

ಗಂಗಾವತಿ, ಸಿಂಧನೂರಿನ ಭತ್ತದ ಗದ್ದೆಗಳಲ್ಲಿ ಔಷಧಿ ಹೊಡೆಯುವ ಡ್ರೋನ್‌ಗಳಿಗೆ ಛತ್ರಿ ಕಟ್ಟಬಹುದಲ್ಲ ಅಂತಲೂ ಕೇಳುತ್ತಾರೆ. ಅವು ಹಾರುವುದು ಪೈರಿನ ಮೇಲೆ ಆಳೆತ್ತರದಲ್ಲಿ. ಛತ್ರಿ ಅರಳುವ ಮೊದಲೇ ಕೆಸರು. ಜಾತ್ರೆ, ಮೆರವಣಿಗೆಯಲ್ಲಿ ಜನರ ತಲೆ ಮೇಲೆ ನೂರು ಮೀಟರ್ ಎತ್ತರದಲ್ಲಿ ಹಾರುವ ಕ್ಯಾಮೆರಾ ಡ್ರೋನ್‌ಗಳಿಗಾದರೆ ಅರ್ಥವಿದೆ.

ಒಂದು ವಿಷಯ ಮಾತ್ರ ನಮ್ಮ ಕಡೆಯವರೆಲ್ಲ ತಿಳಿದಿರಬೇಕು. ಹೊಲದಲ್ಲಿ ವಿಮಾನ ಇಳಿದರೆ ಊರಿಗೆ ಊರೇ ಓಡುತ್ತದೆ. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಹೊನ್ನಿಹಾಳದ ಹತ್ತಿರ ತರಬೇತಿ ವಿಮಾನವೊಂದು ಹೀಗೇ ಹೊಲಕ್ಕೆ ಇಳಿದಿತ್ತು. ಅಂಥ ವಿಮಾನದಲ್ಲಿ ಛತ್ರಿ ಇದ್ದು, ಅದನ್ನು ಎಳೆಯದೇ ಇಳಿದಿದ್ದರೆ, ರಾಕೆಟ್ ಇನ್ನೂ ಒಳಗೆ ಜೀವಂತವಾಗಿರುತ್ತದೆ. ನಜ್ಜುಗುಜ್ಜಾದ ಕೇಬಲ್ ಬಿಗಿದುಕೊಂಡಿದ್ದರೆ ಸಣ್ಣ ಎಳೆತಕ್ಕೂ ಹಾರಬಹುದು, ಎದುರಿಗಿದ್ದವರ ಎದೆ ಸೀಳಬಹುದು. ಹಿಂದಿನ ಗಾಜಿನ ಸುತ್ತ ರಾಕೆಟ್ಟಿನ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ. ಒಳಗಿದ್ದವರನ್ನು ಎಳೆದು ಉಳಿಸಿ, 112ಕ್ಕೆ ಫೋನ್ ಮಾಡಿ. ಆದರೆ ಚಾವಣಿಯ ಕೆಂಪು ಹಿಡಿಗೆ ಯಾರ ಕೈಯೂ ತಾಗದಿರಲಿ, ಅಲ್ಲಿಂದ ಹಿಂದಕ್ಕೆ ಹೋಗುವ ಕೇಬಲ್ ಕತ್ತರಿಸಬೇಡಿ, ಸೆಲ್ಫಿಗೆಂದು ಹಿಂದಿನ ಗಾಜಿನ ಮೇಲೆ ಬಗ್ಗಬೇಡಿ.